ಕಸ್ತೂರಿಯ ಉಡಿಯಕ್ಕಿ

ಅಲ್ಮೇರಾದ ಮೇಲಿನ ಅರೆಯಲ್ಲಿ ಹೊಸ ಖಣವೊಂದನ್ನು ಹುಡುಕುತ್ತಿದ್ದೆ. ಕೈಗೆ ಸಿಕ್ಕಿದ್ದು ಹಳೆಯದು. ಹಸಿರು ಮೈ, ಕೆಂಪು ಅಂಚು, ಮಡಿಕೆ ಬಿದ್ದಲ್ಲೆಲ್ಲ ಬಣ್ಣ ಹೋಗಿತ್ತು. ಮೂಗಿನ ಹತ್ತಿರ ತಂದೆ. ಅರಿಷಿಣ ಬೇರು, ಒಣಕೊಬ್ಬರಿ, ಅಕ್ಕಿಯ ಧೂಳು ಮೂರೂ ಕೂಡಿದ ಆ ವಾಸನೆ ಇಷ್ಟು ವರ್ಷವಾದರೂ ಹೋಗಿರಲಿಲ್ಲ. ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಅದನ್ನು ವಿವರಿಸಬೇಕಾಗಿಲ್ಲ. ತವರಿನಿಂದ ಹೊರಟವಳು ಸೆರಗು ಒಡ್ಡುತ್ತಾಳೆ, ಹಿರಿಯ ಹೆಂಗಸರು ಅದರಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು ಹಾಕಿ ಮೇಲೊಂದು ಕುಪ್ಪಸದ ಖಣ ಇಡುತ್ತಾರೆ. ಉಡಿ ತುಂಬುವುದು ಎಂದರೆ ಇದೇ. ಆ ಅಕ್ಕಿ ಹೋದ ಮನೆಯಲ್ಲಿ ಬೇಯಬೇಕು. ಹಾಗೆ ತುಂಬಿದ ಉಡಿಯನ್ನು ಯಾರಾದರೂ ವಾಪಸು ತಂದುಕೊಟ್ಟದ್ದನ್ನು ನೀವು ಕೇಳಿದ್ದೀರಾ? ನನಗೆ ಒಬ್ಬಳು ತಂದುಕೊಟ್ಟಿದ್ದಾಳೆ. ಈ ಹಸಿರು ಖಣ ಅದರದ್ದೇ.

ಅವಳದೇ ಫೋನು ಆ ದಿನ ಬೆಳಿಗ್ಗೆ ಬಂದಿತ್ತು. "ಅಕ್ಕಾರ, ಮನಿ ಮುಗೀತ್ರಿ. ಎರಡ ಖೋಲಿ, ಮ್ಯಾಲ ತಗಡು. ಸೋಮವಾರ ಉಡಿ ತುಂಬಾಕ ಬರಬೇಕು ನೀವು. ಆಪಾನ್ನೂ ಕರಕೊಂಡ ಬರ್ರಿ."

ಅವಳು ಕಸ್ತೂರಿ. ಆಪಾ ಎಂದರೆ ರಜಿಯಾ ಆಪಾ. ನಾವು ಮೂವರೂ ಕೂಡಿದ ಜಾಗ ಇಂಡಿ ಊರಿನ ಬಸ್ ನಿಲ್ದಾಣದ ಹಿಂದೆ, ಗೊಬ್ಬರದ ಅಂಗಡಿಯ ಮಾಳಿಗೆಯ ಮೇಲಿದ್ದ ಒಂದೇ ಖೋಲಿ. ಮನೆಯಲ್ಲಿ ಹೊಡೆತ ತಿಂದ, ಮಾನಕ್ಕೆ ಕೈ ಹಾಕಿಸಿಕೊಂಡ ಹೆಣ್ಣುಮಕ್ಕಳಿಗೆ ಸಲಹೆ ಕೊಡುವ ಕೇಂದ್ರ ಅದು. ಯೂರಿಯಾದ ಘಾಟು ನಮ್ಮ ಕಡತಗಳಿಗೂ ಹತ್ತಿತ್ತು. ಆದರೆ ಅದರಿಂದ ಒಂದು ಉಪಕಾರವಿತ್ತು. ಆ ಮೆಟ್ಟಿಲು ಹತ್ತುವವಳನ್ನು ಊರವರು ಕಂಡು ಕೇಳಿದರೆ "ಗೊಬ್ಬರದ ರೇಟ ಕೇಳಾಕ ಬಂದೇನಿ" ಎಂದು ಹೇಳಬಹುದಿತ್ತು. ಎಷ್ಟೋ ಜನ ಹಾಗೇ ಹೇಳಿ ಹತ್ತಿದ್ದಾರೆ. ಹೊಲವೇ ಇಲ್ಲದವರು ಸಹ.

ರಜಿಯಾ ಆಪಾ ಅಲ್ಲಿ ನನಗಿಂತ ಬಹಳ ಹಿರಿಯರು. ಸಿಂದಗಿಯಿಂದ ದಿನಾ ಬಸ್ಸಿಗೆ ಬಂದುಹೋಗುತ್ತಿದ್ದರು. ಮಾತು ಕಡಿಮೆ, ಇದ್ದಷ್ಟೂ ಖಾರ. ನಾನೋ, ಆಗ ತಾನೇ ಕೆಲಸಕ್ಕೆ ಸೇರಿದವಳು. ಮೂರೇ ತಿಂಗಳಲ್ಲಿ ಒಂದು ವಿದ್ಯೆ ನನಗೆ ಒಲಿದಿದೆ ಎಂದು ನಂಬಿಕೊಂಡಿದ್ದೆ. ಅದು ರಾಜಿ ಮಾಡಿಸುವುದು. ಗಂಡನಿಗೆ ಸ್ವಲ್ಪ ಗದರಿಕೆ, ಹೆಂಡತಿಗೆ ಸ್ವಲ್ಪ ಸಮಾಧಾನ, ಹಿರಿಯರಿಗೆ ಚಹಾ, ಎಲ್ಲರ ಸಹಿ ಇರುವ ಒಂದು ಮುಚ್ಚಳಿಕೆ. ಮುರಿದ ಮನೆಗಳನ್ನೆಲ್ಲ ಜೋಡಿಸಲು ದೇವರು ನನ್ನನ್ನೇ ನೇಮಿಸಿದ್ದಾನೆ ಅನ್ನುವ ಗತ್ತು ನನ್ನ ನಡಿಗೆಯಲ್ಲೇ ಇತ್ತಂತೆ. ಆಪಾ ಆಮೇಲೆ ನಡೆದು ತೋರಿಸಿದರು. ನನಗೇ ನಗು ತಡೆಯಲಾಗಲಿಲ್ಲ.

ಕಸ್ತೂರಿ ಹೊರ್ತಿ ಊರಿನ ಸೊಸೆ. ಹತ್ತನೇ ಇಯತ್ತೆ ಪಾಸಾದವಳು. ಮೊದಲ ಸಲ ಬಂದಾಗ ಕಣ್ಣಿನ ಸುತ್ತ ನೀಲಿಗಟ್ಟಿತ್ತು. ನಾನು ಪದ್ಧತಿಯಂತೆ ಗಂಡನನ್ನು ಕರೆಸಿದೆ. ಅವನ ಜೊತೆ ಅವನ ಸೋದರಮಾವ, ಊರಿನ ಇಬ್ಬರು ಹಿರಿಯರು ಬಂದರು. ಮಾತು ನನ್ನದೇ ನಡೆಯಿತು. "ಬಾಯಾರು ಭಾಳ ತಿಳಿಸಿ ಹೇಳತಾರ ನೋಡ್ರಿ" ಎಂದು ಹಿರಿಯರೊಬ್ಬರು ಮೆಚ್ಚಿದರು, ನಾನು ಇನ್ನಷ್ಟು ತಿಳಿಸಿ ಹೇಳಿದೆ. ಇನ್ನು ಕೈ ಎತ್ತುವುದಿಲ್ಲ ಎಂದು ಗಂಡ ಬರೆದುಕೊಟ್ಟ. "ಹೋಗ್ತಿ ಹೌದಿಲ್ಲೊ?" ಎಂದು ಎಲ್ಲರ ಎದುರಿಗೇ ಕಸ್ತೂರಿಯನ್ನು ಕೇಳಿದೆ. ಅವಳು ಹೂಂ ಎಂಬಂತೆ ತಲೆ ಅಲ್ಲಾಡಿಸಿದಳು.

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ತವರಿನವರು ಯಾರೂ ಬಂದಿರಲಿಲ್ಲವಲ್ಲ, ನಾನೇ ತವರಾಗುತ್ತೇನೆ ಎಂದು ಉಮೇದು ಬಂತು. ಬಜಾರಿಗೆ ಓಡಿ ಹಸಿರು ಖಣ, ಅಕ್ಕಿ, ಕೊಬ್ಬರಿ ತಂದೆ. ಕಡತಗಳ ನಡುವೆಯೇ ಅವಳಿಗೆ ಉಡಿ ತುಂಬಿದೆ. ಒಂದು ಫೋಟೋ ಕೂಡ ತೆಗೆಸಿ, ಆಮೇಲೆ ಕಟ್ಟು ಹಾಕಿಸಿ ನನ್ನ ಕುರ್ಚಿಯ ಮೇಲೆ ತೂಗುಹಾಕಿದೆ. ಆಪಾ ದೂರ ನಿಂತು ನೋಡುತ್ತಿದ್ದವರು ಕಸ್ತೂರಿಯ ಜೊತೆ ಟೆಂಪೋ ತನಕ ಹೋಗಿ, ಕಿವಿಯಲ್ಲಿ ಏನೋ ಹೇಳಿ ಬಂದರು. ಮೇಲೆ ಬಂದು ನನ್ನನ್ನು ಕೇಳಿದ್ದು ಒಂದೇ ಮಾತು.

"ಉಡಿ ತುಂಬುವಾಗ ಆ ಹುಡುಗಿ ಮಾರಿ ನೋಡಿದೇನು ತಂಗಿ?"

ನಾನು ನೋಡಿರಲಿಲ್ಲ. ನನ್ನ ಕಣ್ಣು ಹಿರಿಯರ ಮುಖದ ಮೇಲಿತ್ತು. ಆಮೇಲೆ ಕ್ಯಾಮರಾದ ಮೇಲೆ.

ಎಂಟು ತಿಂಗಳ ನಂತರ ಒಂದು ಮಧ್ಯಾಹ್ನ ಕಸ್ತೂರಿ ಮೆಟ್ಟಿಲು ಹತ್ತಿ ಬಂದಳು. ಎಡಗೈಯನ್ನು ಹಳೆಯ ಬಟ್ಟೆಯಲ್ಲಿ ಕೊರಳಿಗೆ ಕಟ್ಟಿಕೊಂಡಿದ್ದಳು. ಬಲಗೈಯಲ್ಲಿ ಒಂದು ಗಂಟು. ಅದನ್ನು ನನ್ನ ಮೇಜಿನ ಮೇಲೆ ಇಟ್ಟು ಬಿಚ್ಚಿದಳು. ಹಸಿರು ಖಣ, ನುಸಿ ಹಿಡಿದ ಅಕ್ಕಿ, ಬಿರುಕು ಬಿಟ್ಟ ಕೊಬ್ಬರಿ ಬಟ್ಟಲು.

"ಇದು ನೀವು ತುಂಬಿದ ಉಡಿರಿ ಅಕ್ಕಾರ. ಆ ಮನ್ಯಾಗ ಈ ಅಕ್ಕಿ ಬೇಯಿಸಾಕ ನನ್ನ ಕೈ ಏಳಲಿಲ್ಲ. ನೀವ ಇಟ್ಕೊರಿ."

ಅವಳು ಮುಂದುವರಿಸಿದಳು. "ನಿಮ್ಮ ಸಲುವಾಗಿ ಬಂದಿಲ್ರಿ ನಾ. ಆಪಾ ಅವತ್ತ ಟೆಂಪೋ ಹತ್ತುವಾಗ ಹೇಳಿದ್ರು, ಮತ್ತ ಹೊಡದ್ರ ಸೀದಾ ಇಲ್ಲಿಗೇ ಬಾ, ತಪ್ಪು ನಿಂದ ಅಂತ ಇಲ್ಲಿ ಯಾರೂ ಅನ್ನಂಗಿಲ್ಲ ಅಂತ. ಅದಕ್ಕ ಬಂದೆ."

ಆಪಾ ಎದ್ದು ಬಂದು ಮೊದಲು ಅವಳಿಗೆ ನೀರು ಕೊಟ್ಟರು. ಆಮೇಲೆ ಗೋಡೆಯ ಮೇಲಿನ ಆ ಫೋಟೋ ತೆಗೆದು ಕಪಾಟಿನ ಹಿಂದೆ ಸರಿಸಿದರು. ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಹಗುರಾಗುತ್ತಿತ್ತು.

ಆ ಸಲ ನಾನು ಹಿರಿಯರನ್ನು ಕರೆಯಲಿಲ್ಲ. ಸರಕಾರಿ ದವಾಖಾನೆ, ಪೊಲೀಸ್ ಠಾಣೆ, ವಕೀಲರು, ವಿಜಯಪುರದಲ್ಲಿ ಇಂಥ ಹೆಣ್ಣುಮಕ್ಕಳಿಗಾಗಿ ಇರುವ ಆಶ್ರಯದ ಮನೆ, ಎಲ್ಲ ಕಡೆಗೂ ಅವಳ ಜೊತೆ ಹೋದೆ. ವಾರದೊಳಗೆ ನಾಚಿಕೆ ತಡೆಯದೆ ಕೆಲಸ ಬಿಡುತ್ತೇನೆ ಎಂದಾಗ ಆಪಾ, "ಬಿಡಾಕಿ ಬಿಡು. ಆದ್ರ ಈಕಿ ಕೇಸ್ ಮುಗಿಸಿ ಬಿಡು" ಎಂದರು. ಕೇಸು ಮುಗಿಯಲು ವರ್ಷಗಳು ಹಿಡಿದವು. ಅಷ್ಟರಲ್ಲಿ ಬಿಡುವ ಯೋಚನೆಯೇ ಹೋಗಿತ್ತು.

ಕೋರ್ಟಿನಲ್ಲಿ ಗಂಡನ ಕಡೆಯ ವಕೀಲರು, ಕೇಂದ್ರದವರಾದ ನಾವೇ ಅವಳಿಗೆ ಮಾತು ಕಲಿಸಿದ್ದೇವೆ ಎಂದರು. ಕಸ್ತೂರಿ ಕಟಕಟೆಯಲ್ಲಿ ನೆಟ್ಟಗೆ ನಿಂತು ಹೇಳಿದಳು: "ಸಾಹೇಬ್ರ, ಮುರದಿದ್ದು ನನ್ನ ಕೈರಿ, ಬಾಯಲ್ಲ." ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ನನಗೆ ಚಪ್ಪಾಳೆ ತಟ್ಟುವ ಆಸೆಯಾಯಿತು. ಆಪಾ ನನ್ನ ಎರಡೂ ಕೈ ಹಿಡಿದು ಕೂತಿದ್ದರು. ಅವಳ ಹತ್ತಿರ ಸುಳಿಯಬಾರದೆಂದು ಅವನಿಗೆ ಆದೇಶವಾಯಿತು, ಕಡೆಗೆ ಮದುವೆ ಮುರಿದ ಸೋಡಚೀಟಿಯೂ ಸಿಕ್ಕಿತು. ಅವಳು ಮುದ್ದೇಬಿಹಾಳದ ಹುಡುಗಿಯರ ಹಾಸ್ಟೆಲ್ಲಿನಲ್ಲಿ ಅಡುಗೆಗೆ ಸೇರಿದಳು, ಅಲ್ಲಿಂದ ಬಸವನ ಬಾಗೇವಾಡಿಯ ಹಾಸ್ಟೆಲ್ಲಿಗೆ ಬಂದಳು.

ಅಷ್ಟರಲ್ಲಿ ನಮ್ಮ ಖೋಲಿಯ ಪದ್ಧತಿಯೂ ಬದಲಾಗಿತ್ತು. ಎಂಥ ಹಿರಿಯರೇ ಬರಲಿ, ಕೆಳಗೆ ಗೊಬ್ಬರದ ಚೀಲಗಳ ನಡುವೆ ಕಾಯಬೇಕು. ಮೇಲೆ ಬರುವವಳು ಒಬ್ಬಳೇ. ಮೊದಲ ಪ್ರಶ್ನೆ, "ನಿನಗೇನ ಬೇಕವಾ?" ಉತ್ತರ ಬರುವ ತನಕ ಪೆನ್ನು ಮುಟ್ಟಬಾರದು. ಈಗ ನಾನೂ ಆಪಾನೂ ಅಲ್ಲಿಲ್ಲ. ಹೊಸ ಹುಡುಗಿಯರು ಇದ್ದಾರೆ, ಇದೇ ಪದ್ಧತಿ ನಡೆಸುತ್ತಾರೆ. ಅದನ್ನು ನೋಡಿದಾಗ ನನಗೆ ಹೆಮ್ಮೆ ಎನಿಸುತ್ತದೆ, ಮುಚ್ಚಿಡುವುದೇಕೆ?

ಸೋಮವಾರ ಹೊಸ ಖಣ ಚೀಲದೊಳಗೆ ಮೇಲಿಟ್ಟುಕೊಂಡು ಹೊರಟೆ. ಹಳೆಯದನ್ನು ಯಾಕೆ ಅದರಡಿಗೆ ತುರುಕಿದೆನೋ ಗೊತ್ತಿಲ್ಲ. ಸಿಂದಗಿಯಲ್ಲಿ ಆಪಾ ಒಣಕೊಬ್ಬರಿಯ ಪೊಟ್ಟಣ ಹಿಡಿದು ಬಸ್ಸು ಹತ್ತಿದರು. "ಮನ್ಯಾಗಿನ ಕೊಬ್ಬರಿ ಐತಿ, ನುಸಿ ಹಿಡಿಯಂಗಿಲ್ಲ" ಎಂದು ನನ್ನ ಕಡೆ ಓರೆಗಣ್ಣಿನಿಂದ ನೋಡಿದರು. ಇನ್ನೂ ಬಿಟ್ಟಿಲ್ಲ ನೋಡಿ.

ಬಾಗೇವಾಡಿಯಲ್ಲಿ ಕಸ್ತೂರಿಯ ಮನೆಯ ಬಾಗಿಲ ಬಣ್ಣ ಇನ್ನೂ ಹಸಿ. ಕೀಲಿಕೈ ಅವಳ ಸೊಂಟದಲ್ಲಿತ್ತು. ನೋಡಲು ಬಂದಿದ್ದ ನೆರೆಯ ಹೆಂಗಸೊಬ್ಬಳು, "ಗಂಡನ್ನ ಬಿಟ್ಟಾಕಿಗೆ ಯಾತರ ಉಡಿರಿ?" ಎಂದು ಮೆಲ್ಲಗೆ ಅಂದಳು. ಆಪಾ ಮೆಲ್ಲಗೆ ಅನ್ನಲಿಲ್ಲ. "ಗಂಡಗಲ್ಲವಾ, ಮನಿ ಒಡತಿಗೆ ತುಂಬಾಕ ಬಂದೇವಿ. ಬಾ, ನೀನೂ ಒಂದ ಬೊಗಸಿ ಹಾಕು." ಆ ಹೆಂಗಸು ನಿಜಕ್ಕೂ ಬಂದು ಹಾಕಿದಳು.

ಚೀಲದಿಂದ ಹೊಸ ಖಣ ಎಳೆದಾಗ ಹಳೆಯದೂ ಜೊತೆಗೆ ಬಂತು. ಅಡಗಿಸಲು ಹೋದೆ. ಕಸ್ತೂರಿ ಕೈ ಹಿಡಿದಳು.

"ಇದನ್ನ ಇನ್ನೂ ಇಟ್ಟೀರೇನ್ರಿ ಅಕ್ಕಾರ? ಇದನ್ನ ಹಾಕ್ರಿ. ಇದು ನಂದು."

ಸೆರಗು ಒಡ್ಡಿ ನಿಂತಳು. ಈ ಸಲ ಬೇರೆ ಎಲ್ಲಿಯೂ ಕಣ್ಣು ಹಾಯಿಸದೆ ಅವಳ ಮುಖ ನೋಡುತ್ತಲೇ ಬೊಗಸೆ ತುಂಬಿದೆ. ಅವಳು ನನ್ನನ್ನು ನೋಡಿ ನಕ್ಕಳು. ಒಂದಿಷ್ಟು ಅಕ್ಕಿ ನೆಲಕ್ಕೂ ಬಿತ್ತು.

ನಾವು ಹೊರಡಲು ಎದ್ದೆವು. "ಎಲ್ಲಿಗೆ ಹೊಂಟ್ರಿ? ಕೂಡ್ರಿ, ಉಂಡ ಹೋಗ್ರಿ" ಎಂದು ಕಸ್ತೂರಿ ಉಡಿಯ ಅಕ್ಕಿಯನ್ನು ಸೆರಗಿನಿಂದ ಸೀದಾ ಮೊರಕ್ಕೆ ಸುರಿದಳು, ಕಲ್ಲು ಆರಿಸಿದಳು, ತೊಳೆದು ಒಲೆಗೆ ಇಟ್ಟಳು. ಇನ್ನೂರು ಹುಡುಗಿಯರಿಗೆ ಬೇಯಿಸುವ ಕೈ, ಮೂವರಿಗೆ ಅಂದಾಜು ತಪ್ಪಿ ನೀರು ಹೆಚ್ಚಾಯಿತು. ಅನ್ನ ಮೆತ್ತಗಾಗಿತ್ತು. ನಾನು ಎರಡು ಸಲ ಬಡಿಸಿಕೊಂಡೆ.