ಅಕ್ಕ ತಿನ್ನದ ಟೊಮೆಟೊ

ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಅಡುಗೆಮನೆಯ ಡಬ್ಬಿಗಳನ್ನೆಲ್ಲ ತೆರೆದು ತೋರಿಸಿದವಳು ಅಕ್ಕ. ಅಕ್ಕ ಎಂದರೆ ನನ್ನ ನೆಗೆಣ್ಣಿ, ಗಂಡನ ಅಣ್ಣನ, ಅಂದರೆ ಭಾವನವರ ಹೆಂಡತಿ. ವರ್ಷಗಟ್ಟಲೆ ಇಬ್ಬರೂ ಒಂದೇ ಒಲೆಯ ಮುಂದೆ ನಿಂತು ಅಡುಗೆ ಮಾಡಿದೆವು. ಆಮೇಲೆ ಅವಳ ಕಿಡ್ನಿ ಕೆಟ್ಟಿತು. ಡಯಾಲಿಸಿಸ್ ಶುರುವಾದಾಗ ಡಾಕ್ಟರು ಬಾಳೆಹಣ್ಣು, ಎಳನೀರು, ಟೊಮೆಟೊ ಮುಟ್ಟಲೇಬಾರದು ಎಂದರು. ಕುಡಿಯುವ ನೀರನ್ನೂ ಅಳೆದು ಕೊಡಬೇಕಿತ್ತು.

ಉಳಿದದ್ದನ್ನು ಬಿಡುವುದು ಅವಳಿಗೆ ಕಷ್ಟವಾಗಲಿಲ್ಲ. ಆದರೆ ಟೊಮೆಟೊ ಎಂದರೆ ಅವಳಿಗೆ ಜೀವ. ತವರಿನ ಹಿತ್ತಲಲ್ಲಿ ಗಿಡದಿಂದ ಕಿತ್ತು, ಉಪ್ಪು ಹಚ್ಚಿಕೊಂಡು ಹಾಗೇ ತಿಂದು ಬೆಳೆದವಳು. ಅವಳ ಕಣ್ಣೆದುರು ನಾವು ತಿನ್ನುವುದು ಹೇಗೆಂದು ನಾನು ಮನೆಗೆ ಟೊಮೆಟೊ ತರುವುದನ್ನೇ ನಿಲ್ಲಿಸಿದೆ. ಸಾರಿಗೆ ನಿಂಬೆಹಣ್ಣು ಹಿಂಡುತ್ತಿದ್ದೆ.

ಭಾವನವರಿಗೆ ಇಲ್ಲೇ ಧಾರವಾಡದ ಲಕಮನಹಳ್ಳಿಯ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಹಾಗಾಗಿ ಅವಳ ಜೊತೆ ಹುಬ್ಬಳ್ಳಿಯ ಆಸ್ಪತ್ರೆಗೆ ಹೋಗುತ್ತಿದ್ದವಳು ನಾನು. ಒಂದು ದಿನ ಡಯಾಲಿಸಿಸ್ ಮುಗಿಸಿ ಧಾರವಾಡದ ಬಸ್ಸಿಗೆ ಕಾಯುವಾಗ ಬಿಸಿಲಿಗೆ ಅವಳ ಕಣ್ಣಿಗೆ ಕತ್ತಲೆ ಬಂತು. ತಂಪಿಗಾಗಿ ಪಕ್ಕದ ದೊಡ್ಡ ಅಂಗಡಿಯೊಳಗೆ ಕರೆದೊಯ್ದೆ. ಅಲ್ಲಿ ತರಕಾರಿಗಳ ನಡುವೆ ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಕುಂಬಳಕಾಯಿಯ ಹಾಗೆ ಗೆರೆಗೆರೆಯಾಗಿ ಉಬ್ಬಿದ ಟೊಮೆಟೊಗಳಿದ್ದವು. ಕಡುಗೆಂಪು ಬಣ್ಣ, ತೊಟ್ಟಿನ ಸುತ್ತ ಇನ್ನೂ ಹಸಿರು. ಇದು ಹೈಬ್ರಿಡ್ ಅಲ್ಲ, ಹಳೆಯ ತಳಿ ಎಂದು ಅಂಗಡಿಯ ಹುಡುಗಿ ಹೇಳಿದಳು. ಅಕ್ಕ ಡಬ್ಬಿಯನ್ನು ಮೂಗಿನ ಹತ್ತಿರ ಹಿಡಿದು ನಿಂತುಬಿಟ್ಟಳು.

“ಅಕ್ಕಾ, ಬ್ಯಾಡ,” ಎಂದೆ.

“ತಿನ್ನಾಕಲ್ಲ. ಬೀಜಕ್ಕ,” ಎಂದಳು.

ಮನೆಗೆ ಬಂದು ತಾನೇ ಹೆಚ್ಚಿದಳು. ತಿರುಳನ್ನು ಬೀಜದ ಸಮೇತ ಒಂದು ಗಾಜಿನ ಲೋಟಕ್ಕೆ ಹಿಂಡಿ, ಚೂರು ನೀರು ಹಾಕಿ ಕಿಟಕಿಯಲ್ಲಿಟ್ಟಳು. ಉಳಿದದ್ದನ್ನು ಪಕ್ಕದ ಮನೆಗೆ ಕೊಡಿಸಿದಳು. ಎರಡು ಮೂರು ದಿನದಲ್ಲಿ ಮೇಲೆ ಬಿಳಿ ಪೊರೆ ಕಟ್ಟಿ ಅಡುಗೆಮನೆಯೆಲ್ಲ ನಾರತೊಡಗಿತು. ಏನು ಕೊಳೆಯುತ್ತಿದೆ ಎಂದು ಭಾವನವರು ಎರಡು ಸಲ ಹುಡುಕಿದರು. ಅಕ್ಕ ಬೀಜ ತೊಳೆದು ಪೇಪರಿನ ಮೇಲೆ ಹರವಿದಳು. ಅವು ಒಣಗಿ ಅಂಟಿಕೊಂಡವು. ಅವಳು ಪೇಪರನ್ನೇ ಚೂರುಚೂರಾಗಿ ಕತ್ತರಿಸಿ ಮಣ್ಣಿನಲ್ಲಿಟ್ಟಳು.

ಮಾಳಿಗೆಯ ಮೇಲೆ ಬಣ್ಣ ಖಾಲಿಯಾದ ಹಳೆಯ ಬಕೆಟ್ಟುಗಳಲ್ಲಿ ಗಿಡ ಎದ್ದವು. ಡಯಾಲಿಸಿಸ್‌ಗೆ ಸೂಜಿ ಚುಚ್ಚುವ ಕೈಯಲ್ಲಿ ಅವಳು ಭಾರ ಎತ್ತುವಂತಿರಲಿಲ್ಲ. ನಾನು ನೀರು ಹೊತ್ತು ತಂದರೆ ಅವಳು ಗೋಡೆ ಹಿಡಿದು ಹತ್ತಿ ಬಂದು ತಂಬಿಗೆಯಿಂದ ಹಾಕುತ್ತಿದ್ದಳು. ತನಗೆ ಗುಟುಕು ಗುಟುಕಾಗಿ ಸಿಗುತ್ತಿದ್ದ ನೀರನ್ನು ಗಿಡಗಳಿಗೆ ಕೈಬಿಚ್ಚಿ ಸುರಿಯುತ್ತಿದ್ದಳು. ಬೇರು ಕೊಳೆಯುತ್ತದೆ ಎಂದರೆ ಕೇಳುತ್ತಿರಲಿಲ್ಲ.

ಮೊದಲ ಹಣ್ಣು ಕೆಂಪಾಗುವ ಹೊತ್ತಿಗೆ ಅವಳಿಗೆ ಮೆಟ್ಟಿಲು ಹತ್ತಲಾಗುತ್ತಿರಲಿಲ್ಲ. ಕಿತ್ತು ತಂದು ಕೈಗಿಟ್ಟೆ. ಅಂಗಡಿಯದಕ್ಕಿಂತ ಸಣ್ಣದು. ತಿರುಗಿಸಿ ತಿರುಗಿಸಿ ನೋಡಿ, ತನ್ನೆದುರೇ ಹೆಚ್ಚಿ ತಿನ್ನು ಎಂದಳು. ನನಗೆ ಮನಸ್ಸಾಗಲಿಲ್ಲ. ಅವಳೇ ಉಪ್ಪಿನ ಬಟ್ಟಲು ಮುಂದೆ ಸರಿಸಿದಳು. ತಿಂದೆ.

“ಹೆಂಗೈತಿ? ಖರೇ ಹೇಳು.”

“ಹುಳಿ ಭಾಳ ಐತಿ ಅಕ್ಕಾ. ಸಿಪ್ಪಿನೂ ದಪ್ಪ.”

ಅವಳು ಹೆಚ್ಚಿದ ಚಾಕುವನ್ನು ಮೂಸಿ ನೋಡಿದಳು. “ಲಗೂ ಹರದಿ ನೀ. ಉಳದದ್ದು ಗಿಡದಾಗ ಹಣ್ಣಾಗಲಿ ಬಿಡು,” ಎಂದಳು.

ಅದಾದ ಮೇಲೆ ಜ್ವರ ಬಂತು. ನಂಜು ರಕ್ತಕ್ಕೇರಿದೆ ಎಂದರು. ಆಸ್ಪತ್ರೆಗೆ ಸೇರಿಸಿದ ಅಕ್ಕ ಈ ಸಲ ನನ್ನ ಜೊತೆ ಬಸ್ಸಿನಲ್ಲಿ ತಿರುಗಿ ಬರಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಮನೆ ತುಂಬ ಬೀಗರು, ನೆಂಟರು. ನನ್ನನ್ನು ಕೂರಿಸಿ ಅಡುಗೆಯನ್ನು ಅವರೇ ವಹಿಸಿಕೊಂಡರು. ಒಂದು ಮಧ್ಯಾಹ್ನ ಪಡಸಾಲೆಯಲ್ಲಿ ಕೂತಿದ್ದೆ. ಒಗ್ಗರಣೆಯ ಜೊತೆ ಟೊಮೆಟೊ ಬೇಯುವ ವಾಸನೆ ಬಂತು. ಎಷ್ಟೋ ಕಾಲದಿಂದ ನಮ್ಮ ಮನೆಯಲ್ಲಿ ಇಲ್ಲದ ವಾಸನೆ. ಎದ್ದು ಹೋಗುವಷ್ಟರಲ್ಲಿ ಸಾರು ಕುದಿಯುತ್ತಿತ್ತು. ಬಟ್ಟೆ ಒಣಹಾಕಲು ಮಾಳಿಗೆಗೆ ಹೋದವರು ಗಿಡದಲ್ಲಿ ಕೆಂಪಗಿದ್ದುದನ್ನೆಲ್ಲ ಸೆರಗಿನಲ್ಲಿ ಕಟ್ಟಿ ತಂದಿದ್ದರು. ಅವರಿಗೇನು ಗೊತ್ತು. ನಾನೂ ಏನು ಹೇಳಲಿ, ಇನ್ನು ಯಾರಿಗಾಗಿ ಬೇಡವೆನ್ನಲಿ.

ಊಟಕ್ಕೆ ಕೂತ ಭಾವನವರ ಕೈ ಮೊದಲ ತುತ್ತಿಗೇ ನಿಂತಿತು. ನಾನು ತಲೆ ತಗ್ಗಿಸಿದೆ. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಅವರು ತಾಟು ಮುಂದೆ ಚಾಚಿ ಇನ್ನೊಮ್ಮೆ ಸಾರು ಹಾಕಿಸಿಕೊಳ್ಳುತ್ತಿದ್ದರು.

ಎಲ್ಲರೂ ಊರಿಗೆ ಹೋದ ಮೇಲೆ ಮಾಳಿಗೆ ಹತ್ತಿದೆ. ನೀರಿಲ್ಲದೆ ಗಿಡಗಳು ಜೋತುಬಿದ್ದಿದ್ದವು. ಎಲೆಯ ಮರೆಯಲ್ಲಿ ಒಡೆದ ಒಂದು ಹಣ್ಣು ಉಳಿದಿತ್ತು. ಅದನ್ನು ಕೆಳಗೆ ತಂದಾಗ ಭಾವನವರು ಎದ್ದು ಬಂದರು. “ಬೀಜಾ ತಗಿಯೂದು ಹೆಂಗವಾ?” ಎಂದು ಕೇಳಿದರು. ಹೇಳಿಕೊಟ್ಟೆ. ತೊಳೆಯುವ ದಿನ ಅವರೇ ಚಹಾ ಸೋಸುವ ಜಾಲರಿ ಹಿಡಿದು ನಳದ ಹತ್ತಿರ ಕೂತರು. ಮುಳುಗಿದವು ಒಳ್ಳೆಯವು, ತೇಲಿದ್ದನ್ನು ಚೆಲ್ಲಿಬಿಡಿ ಎಂದೆ. ಅವರು ತೇಲಿದ್ದನ್ನೂ ಬೆರಳಿನಿಂದ ತೆಗೆದು ಬೇರೆ ಬಟ್ಟಲಿಗೆ ಹಾಕಿದರು.

“ಅವು ಜೊಳ್ಳ ಬೀಜ. ಹುಟ್ಟೂದಿಲ್ರಿ ಭಾವಾರ.”

“ಇರಲಿ ಬಿಡವಾ,” ಎಂದರು.

ಎರಡನ್ನೂ ಬೇರೆ ಬೇರೆ ಬಕೆಟ್ಟಿನಲ್ಲಿ ಹಾಕಿದ್ದಾರೆ. ಒಂದರಲ್ಲಿ ಸಸಿ ಎದ್ದಿವೆ. ಇನ್ನೊಂದು ಬರೀ ಮಣ್ಣು. ಪಾಳಿ ಮುಗಿಸಿ ಬಂದು ಎರಡಕ್ಕೂ ನೀರು ಹಾಕುತ್ತಾರೆ. ನಾನು ತಡೆಯಲು ಹೋಗಿಲ್ಲ.