ಸಿದ್ದರಾಮುವಿನ ಕಂಪ್ಯೂಟರು ಮತ್ತು ಕುಂಕುಮ

ಮದ್ದೂರಿನ ಪೇಟೆಬೀದಿಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಸಿದ್ದರಾಮುವನ್ನು ಕೇಳಿದರೆ, ಈ ತಾಲ್ಲೂಕಿಗೆ ಕಂಪ್ಯೂಟರು ತಂದವನೇ ಅವನು. ಕೇಳದಿದ್ದರೂ ಹೇಳುತ್ತಾನೆ. ಪಕ್ಕದಲ್ಲೇ ಫೋಟೋಗೆ ಕಟ್ಟು ಹಾಕುವ ಅಂಗಡಿ ಇಟ್ಟಿರುವ ನನಗೆ ಕೇಳಿ ಕೇಳಿ ಸಾಕಾಗಿ ಹೋಗಿದೆ. ತಂದದ್ದೇನೋ ನಿಜ. ಆದರೆ ಅದರಲ್ಲಿ ಟೈಪು ಮಾಡಿದವಳು, ತಪ್ಪು ತಿದ್ದಿದವಳು ಅವನ ಹೆಂಡತಿ ನಾಗಶ್ರೀ. ಇವನ ಪಾಲಿನ ಕೆಲಸ ಗಿರಾಕಿಗಳ ಮುಂದೆ ಅದರ ತಲೆ ಸವರುವುದು, ಆಯುಧಪೂಜೆಗೆ ಮಂಗಳಾರತಿ ಎತ್ತುವುದು.

ನಾಗಶ್ರೀಯ ಅವ್ವ ಚಲುವಮ್ಮ ಹನಕೆರೆಯವರು. ಮದುವೆಮನೆಗಳಲ್ಲಿ ಸೋಬಾನೆ ಪದ ಹೇಳುತ್ತಿದ್ದವರು. ಮಗಳು ಅವ್ವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಪದಗಳನ್ನೆಲ್ಲ ಈ ಕಂಪ್ಯೂಟರಿನಲ್ಲೇ ಟೈಪು ಮಾಡಿದ್ದಳು. ಈಗ ಅವ್ವ ಇಲ್ಲ. ಪದಗಳು ಬೇರೆಲ್ಲೂ ಇಲ್ಲ. ಕಂಪ್ಯೂಟರೋ, ಶುರು ಮಾಡಿದರೆ ಹಿಟ್ಟಿನ ಗಿರಣಿಯಂತೆ ಅರಚುತ್ತದೆ. ಫ್ಲಾಪಿ ಹಾಕುವ ಬಾಯಿ ಎಂದೋ ಕೆಟ್ಟಿದೆ, ಪೆನ್‌ಡ್ರೈವ್ ಚುಚ್ಚಲು ಜಾಗವೇ ಇಲ್ಲ. ಇವತ್ತೋ ನಾಳೆಯೋ ಕಣ್ಣು ಮುಚ್ಚುತ್ತದೆಂದು ನಾಗಶ್ರೀಗೆ ಭಯ.

"ಬಿಚ್ಚಿ ಒಳ್ಗಿರೋ ಡಿಸ್ಕ್ ತೆಗ್ಸುಬುಡನ," ಅಂದಳು.

"ಒಟ್ಟೆ ಬಿಚ್ಚುದ್ರೆ ಲಕ್ಸ್ಮಿ ಒಂಟೋಯ್ತಾಳೆ ಕಣಮ್ಮಿ. ಮುಟ್ಬ್ಯಾಡ," ಅಂದ ಮಹಾರಾಯ. ಅದರೊಳಗೆ ಲಕ್ಷ್ಮಿ ಇದ್ದಳೋ ಇಲ್ಲವೋ, ಜಿರಲೆ ಇದ್ದದ್ದನ್ನು ನಾನೇ ಕಂಡಿದ್ದೇನೆ.

ಪದಗಳನ್ನು ಹೊರಗೆ ತರಲು ಉಳಿದದ್ದು ನೆಟ್‌ವರ್ಕ್ ವೈರಿನ ದಾರಿ. ಆ ಕೆಲಸ ಬಲ್ಲ ಅಶೋಕ್ ಮಂಡ್ಯದಿಂದ ಬಂದ. ನಾನೂ ನನ್ನ ಅಂಗಡಿ ಬಿಟ್ಟು ನೋಡಲು ಹೋದೆ. ಅಂಗಡಿಯಲ್ಲಿ ನಾಗಶ್ರೀಯ ಹೊಸ ಲ್ಯಾಪ್‌ಟಾಪು, ವೈಫೈ ಪ್ರಿಂಟರು, ಫೋನು, ಜೊತೆಗೆ ಈ ಮುದುಕಪ್ಪ. ಹೊಸವು ಹಳೆಯದರ ಮಾತಿಗೆ ಓಗೊಡುವುದಿಲ್ಲವೆಂದು, ಎರಡೂ ಕಾಲದ ರೀತಿ ಗೊತ್ತಿರುವ ಇನ್ನೊಂದು ಕಂಪ್ಯೂಟರನ್ನು ಅವನು ನಡುವೆ ಇಟ್ಟ. ಮುದುಕಪ್ಪನನ್ನು ಗೋಡೆಯಿಂದ ಜರುಗಿಸಕೂಡದು ಎಂದು ಸಿದ್ದರಾಮು ಅಪ್ಪಣೆ ಕೊಟ್ಟಿದ್ದರಿಂದ ಪಾಪ ಅಶೋಕ್ ಹಿಂದೆ ಕೈಯಾಡಿಸಿಯೇ ವೈರು ಚುಚ್ಚಿದ. ವೈರುಗಳೆಲ್ಲ ಬಂದು ಕೂಡುವ ಅವನ ಪುಟ್ಟ ಡಬ್ಬದ ಮೇಲೆ ಉಳಿದ ದೀಪಗಳೆಲ್ಲ ಮಿನುಗಿದವು. ಮುದುಕಪ್ಪನದು ಹತ್ತಲಿಲ್ಲ. ವೈರು ಬದಲಾಯಿಸಿದರೂ ಅಷ್ಟೇ.

ಸಿದ್ದರಾಮುಗೆ ಹಬ್ಬ. "ನಿನ್ ಡಬ್ಬ ಸರಿಯಿಲ್ಲ ಕಣ್ಲಾ. ನಂದು ರಾಜನಂಗದೆ," ಅಂದು ಎಲೆಅಡಿಕೆ ಬಾಯಿಗೆ ಹಾಕಿಕೊಂಡ.

ನಾಗಶ್ರೀ ಅವನನ್ನು ಕೇಳಲೂ ಇಲ್ಲ. ಮುದುಕಪ್ಪನನ್ನು ಎಳೆದು ತಿರುಗಿಸಿ, ವೈರು ಕಿತ್ತು, ಮೊಬೈಲ್ ಟಾರ್ಚು ಬಿಟ್ಟು ನೋಡಿದಳು. ವೈರಿನ ತೂತು ಕೆಂಪಗಿತ್ತು. ವರ್ಷವರ್ಷವೂ ಆಯುಧಪೂಜೆಗೆ ಈ ಪುಣ್ಯಾತ್ಮ ಮುಂದೆ ಬೊಟ್ಟಿಟ್ಟು ಸುಮ್ಮನಾಗುತ್ತಿರಲಿಲ್ಲ. ದೃಷ್ಟಿ ಒಳಗೆ ಹೋಗಬಾರದೆಂದು ಹಿಂದಿನ ಖಾಲಿ ತೂತಿಗೂ ಗಂಧ ಕುಂಕುಮ ಮೆತ್ತುತ್ತಿದ್ದ. ಅದು ಗಾರೆಯಾಗಿ ಕೂತಿತ್ತು. ನನಗೆ ಮೊದಲು ನಗು ಬಂತು, ಆಮೇಲೆ ಮೈ ಉರಿಯಿತು. ನಾಗಶ್ರೀ ಕರೆಂಟು ಆರಿಸಿ, ಊದುಬತ್ತಿಯ ಕಡ್ಡಿಯಿಂದ ಕೆರೆದು ಕೆರೆದು ತೆಗೆದಳು.

ಮತ್ತೆ ವೈರು ಚುಚ್ಚಿ ಕರೆಂಟು ಹಾಕಿದ್ದೇ ದೀಪ ಹತ್ತಿತು. ಪದಗಳು ಹಳೇ ಫಾಂಟಿನ ಅಕ್ಷರಗಳ ಸಮೇತ ಒಂದೊಂದಾಗಿ ಲ್ಯಾಪ್‌ಟಾಪಿಗೆ ಬಂದವು. ಮೊದಲನೆಯದನ್ನು ತೆರೆದು ನಾಗಶ್ರೀ ಒಂದು ಸಾಲು ಮೆಲ್ಲಗೆ ಹೇಳಿಕೊಂಡಳು, ಕಣ್ಣು ತುಂಬಿಕೊಂಡಳು.

ಅಷ್ಟರಲ್ಲಿ ಸಿದ್ದರಾಮು ದೇವರ ಪಟದ ಮುಂದಿನ ಕುಂಕುಮದಲ್ಲಿ ಬೆರಳದ್ದಿಕೊಂಡು ಬಂದ. "ನಾನ್ ಏಳ್ಲಿಲ್ವಾ, ಪೂಜೆ ಫಲ ಕೊಡ್ತದೆ ಅಂತ," ಅನ್ನುತ್ತ ಲ್ಯಾಪ್‌ಟಾಪಿನ ಪಕ್ಕದ ತೂತಿಗೇ ಕೈ ಚಾಚಿದ.

ನಾಗಶ್ರೀ ಅವನ ಮಣಿಕಟ್ಟು ಹಿಡಿದಳು. "ನಮ್ಮವ್ವ ಅವ್ಳೆ ಇದ್ರೊಳ್ಗೆ. ಓಗಿ ಕೈ ತೊಳ್ಕಂಡ್ ಬನ್ನಿ."

ತಾಲ್ಲೂಕಿಗೆ ಕಂಪ್ಯೂಟರು ತಂದವನು ಕುಂಕುಮದ ಬೆರಳು ಎತ್ತಿ ಹಿಡಿದುಕೊಂಡೇ ಬಚ್ಚಲಿಗೆ ಹೋದ.