ಹನ್ನೊಂದು ಮಾರಿನ ಬಾವಿ

ಎಪ್ಪತ್ತರ ದಶಕದಲ್ಲಿ ನಾನು ಗಡಿಯೂರಾದ ನಾರಾಯಣಖೇಡದಲ್ಲಿ ಹತ್ತನೆಯ ತರಗತಿಯ ನಾಲ್ಕು ಮಕ್ಕಳಿಗೆ ಫಿಜಿಕ್ಸ್ ಟ್ಯೂಷನ್ ಹೇಳುತ್ತಿದ್ದೆ. ಪುಸ್ತಕ ತೆಲುಗಿನದು, ಮಕ್ಕಳ ಮನೆಮಾತು ಕನ್ನಡ, ನಡುವೆ ಸಿಕ್ಕಿಬಿದ್ದವನು ನಾನು. ಬೋರ್ಡಿನ ಮೇಲೆ ಬರೆದರೆ ಆಕಳಿಸುತ್ತಿದ್ದ ಮಕ್ಕಳು ಹೊರಗೆ ಕರೆದೊಯ್ದರೆ ಪ್ರಶ್ನೆ ಕೇಳಿ ಕೇಳಿ ನನ್ನ ತಲೆ ತಿನ್ನುತ್ತಿದ್ದರು. ನನಗೂ ಅದೇ ಬೇಕಾಗಿತ್ತು. ಗಡಿಯಾರ ನೋಡದೆ ಸೆಕೆಂಡು ಎಣಿಸುವುದನ್ನು ವಾರವಿಡೀ ಅಭ್ಯಾಸ ಮಾಡಿಸಿದ್ದೆ. ಅದು ನನ್ನ ಶೋಕಿ.

ಅವರಲ್ಲಿ ನಾಗಲಗಿದ್ದದ ಕಡೆಯ ಹಳ್ಳಿಯ ಹುಡುಗಿಯೊಬ್ಬಳು ಎರಡು ಸಲ ಫೇಲಾಗಿದ್ದಳು. ತನಗೆ ತಲೆಯೇ ಇಲ್ಲ ಎಂದು ಅವಳೇ ತೀರ್ಮಾನಿಸಿಬಿಟ್ಟಿದ್ದಳು. ಹೊಲದ ಜೊತೆ ಕುರಿಯೂ ಇದ್ದ ಅವಳ ಅಪ್ಪ, ಇನ್ನು ಪರೀಕ್ಷೆ ಸಾಕು, ಕುರಿ ಹಿಂದೆ ಹೋಗಲಿ ಎಂದು ಹೇಳಿ ಕಳಿಸಿದ್ದ. ನನಗೆ ಸಿಟ್ಟು ನೆತ್ತಿಗೇರಿತು. ಭಾನುವಾರ ನಾಲ್ಕೂ ಮಕ್ಕಳನ್ನು ಬಸ್ಸು ಹತ್ತಿಸಿಕೊಂಡು ನೇರ ಅವನ ಹೊಲಕ್ಕೇ ಹೋದೆ. ಹಗ್ಗ ಮುಟ್ಟದೆ ನಿಮ್ಮ ಬಾವಿಯ ನೀರು ಎಷ್ಟು ಆಳದಲ್ಲಿದೆ ಎಂದು ಹೇಳುತ್ತೇವೆ, ಸರಿಯಾದರೆ ಮಗಳನ್ನು ಇನ್ನೊಮ್ಮೆ ಪರೀಕ್ಷೆಗೆ ಕೂಡಿಸಬೇಕು ಎಂದೆ. ಅವನು ಮೀಸೆಯಲ್ಲೇ ನಕ್ಕು ಒಪ್ಪಿದ.

ಲೆಕ್ಕ ಸುಲಭದ್ದು. ಕಲ್ಲು ನೀರು ಮುಟ್ಟಲು ಎಷ್ಟು ಸೆಕೆಂಡು ಬೇಕೋ ಅದನ್ನು ಅದರಿಂದಲೇ ಗುಣಿಸಿ, ಮತ್ತೆ ಐದರಿಂದ ಗುಣಿಸಿದರೆ ಹೆಚ್ಚುಕಡಿಮೆ ಅಷ್ಟು ಮೀಟರು. ಹುಡುಗಿ ಕಲ್ಲು ಬಿಟ್ಟಳು, ತಾನೇ ಎಣಿಸಿದಳು: ಲಾಭ, ಎರಡು, ಮೂರು. ಮೂರಕ್ಕೆ ಸರಿಯಾಗಿ ಕೆಳಗೆ ಸದ್ದಾಯಿತು. ನಲವತ್ತೈದು ಮೀಟರು, ಅಂದರೆ ಇಪ್ಪತ್ತೈದು ಮಾರು ಎಂದು ನಾನು ಎದೆಯುಬ್ಬಿಸಿ ಘೋಷಿಸಿದೆ.

ಅಪ್ಪ ಹಗ್ಗಕ್ಕೆ ಕೊಡ ಕಟ್ಟಿ ಇಳಿಬಿಟ್ಟ. ಮೇಲೆಳೆದು, ಹಗ್ಗದ ಒದ್ದೆಯಾಗದ ಭಾಗವನ್ನು ಎರಡೂ ಕೈ ಚಾಚಿ ಅಳೆದ. ಹನ್ನೊಂದು ಮಾರು. ಇನ್ನು ನಿಮ್ಮ ಬಸ್ಸಿನ ಹೊತ್ತಾಯಿತು ಎಂದ. ನಾನು ಇಂಗು ತಿಂದ ಮಂಗನಂತೆ ನಿಂತೆ. ಗಾಳಿ ತಡೆಯಿತೇ? ಸದ್ದು ಮೇಲೆ ಬರಲು ತಡವಾಯಿತೇ? ಎಷ್ಟು ತಡವಾದರೂ ಆಳ ಎರಡುಪಟ್ಟಿಗಿಂತ ಹೆಚ್ಚಾಗುವುದುಂಟೇ?

ಹುಡುಗಿ ಮಾತ್ರ ಬಾವಿಯ ಕಟ್ಟೆ ಬಿಟ್ಟು ಕದಲಲಿಲ್ಲ. ಒಂದಾದ ಮೇಲೊಂದು ಕಲ್ಲು ಹಾಕುತ್ತ, ತುಟಿ ಅಲ್ಲಾಡಿಸುತ್ತ, ಬೆರಳು ಮಡಚುತ್ತಿದ್ದಳು. ಐದನೆಯ ಕಲ್ಲಿಗೋ ಆರನೆಯದಕ್ಕೋ ನನ್ನ ಕಡೆ ತಿರುಗಿದಳು.

"ಸರ್, ಬಾವಿದು ತಪ್ಪಿಲ್ರಿ, ನಂದದ. ಕಲ್ಲು ಕೈಬಿಟ್ಟಾಗ ಲಾಭ ಅಂದ್ಬಿಟ್ಟೆ. ಆಗಿನ್ನೂ ಒಂದು ಸೆಕೆಂಡೂ ಆಗಿರ್ಲಿಲ್ರಿ."

ನಮ್ಮ ಕಣದಲ್ಲಿ ಜೋಳ ಅಳೆಯುವಾಗ ಯಾರೂ ಒಂದು ಎನ್ನುವುದಿಲ್ಲ. ಮೊದಲ ಅಳತೆಗೆ ಶುಭಕ್ಕಾಗಿ ಲಾಭ ಎಂದು, ಆಮೇಲೆ ಎರಡು, ಮೂರು ಎನ್ನುತ್ತಾರೆ. ಅಲ್ಲಿ ಲಾಭ ಎನ್ನುವಾಗ ಒಂದು ಅಳತೆ ತುಂಬಿರುತ್ತದೆ. ಇಲ್ಲಿ ಕಲ್ಲು ಇನ್ನೂ ಹೊರಟೇ ಇರಲಿಲ್ಲ. ನಾನೂ ಅಂಥದೇ ಕಣದಲ್ಲಿ ಬೆಳೆದವನು, ನನ್ನ ಕಿವಿಗೆ ಅದು ತಪ್ಪೆಂದು ಕೇಳಿಸಿಯೇ ಇರಲಿಲ್ಲ. ಕಲ್ಲು ಬಿದ್ದದ್ದು ಎರಡೇ ಸೆಕೆಂಡಿನಲ್ಲಿ. ಇಪ್ಪತ್ತು ಮೀಟರು, ಅಂದರೆ ಸರಿಸುಮಾರು ಹನ್ನೊಂದು ಮಾರು. ನಾಚಿಕೆಯೂ ಆಯಿತು, ಕುಣಿಯಬೇಕೆನ್ನುವಷ್ಟು ಖುಷಿಯೂ ಆಯಿತು.

ಕೈಬಿಡುವಾಗ ಸೊನ್ನೆ ಅನ್ನಬೇಕು ಎಂದು ಅವಳು ಅಪ್ಪನಿಗೆ ಹೇಳಿಕೊಟ್ಟಳು. ಅವನು ಕಲ್ಲು ಹಿಡಿದು ಬಾವಿಯ ಮೇಲೆ ಕೈ ಚಾಚಿದ. ಬಾಯಿ ತೆರೆದವನು ಕಲ್ಲನ್ನು ಹಾಗೇ ಹಿಡಿದುಕೊಂಡು ಮಗಳ ಕಡೆ ತಿರುಗಿದ.

"ನೀರಿದ್ದ ಬಾವಿ ಮ್ಯಾಲ ನಿಂತು ಸೊನ್ನಿ ಅನ್ನಾಕ ನನಗ ಬಾಯಿ ಬರವಲ್ದು. ನೀನೇ ಎಣಸು, ಯವ್ವಾ."

ಅವನು ಕಲ್ಲು ಬಿಟ್ಟ, ಮಗಳು ಎಣಿಸಿದಳು. ಎರಡು ಎನ್ನುವುದಕ್ಕೂ ನೀರು ಸದ್ದು ಮಾಡುವುದಕ್ಕೂ ಸರಿಹೋಯಿತು. ಅವನು ಬಗ್ಗಿ ಬಾವಿಯೊಳಗೆ ನೋಡಿದ. ಆಮೇಲೆ ನನ್ನನ್ನು ಬಿಟ್ಟು ಅವಳನ್ನೇ ಕೇಳಿದ, ಪರೀಕ್ಷೆ ಯಾವ ತಿಂಗಳು ಎಂದು. ಅವಳು ಹೇಳಿದಳು.

"ಅಲ್ಲೀತನ ಕುರಿ ನಾ ಕಾಯ್ತೀನಿ."